ಸೋದರಮಾವನ ತೊಡೆ

ಸೋದರಮಾವ ಅನ್ನುವ ಹುದ್ದೆಗೆ ಸಂಬಳವಿಲ್ಲ, ರಜೆಯಿಲ್ಲ, ರಾಜೀನಾಮೆ ಕೊಡೋಣವೆಂದರೆ ತಗೊಳ್ಳುವವರೂ ಇಲ್ಲ. ಗುಡಗೇರಿಯ ಕಿರಣಕುಮಾರನಿಗೆ ಈ ಜ್ಞಾನೋದಯವಾದದ್ದು ಅಕ್ಕ ಭಾಗ್ಯಾಳ ಮಗಳು ಶಿವಗಂಗಾಳ ದವಡೆ ಹಲ್ಲು ಕೀವು ಕಟ್ಟಿಕೊಂಡಾಗ.

ಆರು ವರ್ಷದ ಹುಡುಗಿ. ಗುಳಿಗೆ ನುಂಗಿ ಕೆನ್ನೆಯ ಬಾವು ಇಳಿದಿತ್ತು, ಆದರೆ ಹಲ್ಲಿನೊಳಗಿನ ಕೀವು ಗಟ್ಟಿಯಾಗಿ ಕೂತಿತ್ತು. ಶೇಂಗಾ ಉಂಡಿ ಮುಟ್ಟುವಂತಿಲ್ಲ, ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ಒಂದೇ ಕಡೆ ಅಗಿಯಬೇಕು. ಕುಂದಗೋಳದ ಹಲ್ಲಿನ ಡಾಕ್ಟರ್ ಮೇಡಂ ಹತ್ತಿರ ಎರಡು ಸಲ ಕರೆದೊಯ್ದರೂ ಹುಡುಗಿ ಬಾಯಿಗೆ ಕೀಲಿ ಜಡಿದುಕೊಂಡು ಕೂತಿದ್ದಳು. ಮೇಡಂ ಕೈಕಾಲು ಹಿಡಿದು ಒತ್ತಾಯ ಮಾಡುವವರಲ್ಲ. ಮಗು ತಾನಾಗಿ ಕೂಡ್ರುವಂಥ ಉಪಾಯ ಹುಡುಕಿಕೊಂಡು ಬರ್ರಿ, ಆದರೆ ತಡ ಮಾಡಬ್ಯಾಡ್ರಿ, ಬಾವು ಮತ್ತೆ ಮುಖಕ್ಕೆ ಏರೀತು ಎಂದು ಹೇಳಿ ಕಳಿಸಿದ್ದರು.

ಉಪಾಯ ಹುಡುಗಿಯೇ ಹೇಳಿದಳು. ಗೋಡೆಯ ಮೇಲೆ ಅವಳ ಕಿವಿ ಚುಚ್ಚಿದ ದಿನದ ಫೋಟೊ ಇತ್ತು. ಪದ್ಧತಿಯ ಪ್ರಕಾರ ಸೋದರಮಾವನ ತೊಡೆಯ ಮೇಲೆ ಕೂಸು, ಬಾಯಲ್ಲಿ ಬೆಲ್ಲದ ಚೂರು, ಮೈಮೇಲೆ ಮಾಮಾ ತಂದ ಹೊಸ ಅಂಗಿ. (ಫೋಟೊದಲ್ಲಿ ಕಿರಣಕುಮಾರನ ಕಣ್ಣು ಮುಚ್ಚಿವೆ. ಭಕ್ತಿ ಎಂದು ಮನೆಯವರು ತಿಳಿದಿದ್ದರು. ಸೂಜಿ ಕಂಡರೆ ಅವನ ಜೀವ ಬಾಯಿಗೆ ಬರುತ್ತದೆ ಎನ್ನುವುದು ಅವನೊಬ್ಬನಿಗೇ ಗೊತ್ತಿದ್ದ ಮಾತು.)

"ಮಾಮಾನ ತೊಡಿಮ್ಯಾಲ ಆದ್ರ ಕುಂದರ್ತೀನಿ," ಎಂದಳು ಶಿವಗಂಗಾ.

ಕಿರಣಕುಮಾರ ನಕ್ಕುಬಿಟ್ಟ. ಅವನ ತಾಯಿ ಫಕೀರವ್ವ ನಗಲಿಲ್ಲ. ಜಾವಳದ ಕೂದಲು ತೆಗೆಯುವಾಗ ಮಾಮಾ, ಕಿವಿ ಚುಚ್ಚುವಾಗ ಮಾಮಾ, ಹಲ್ಲಿಗೆ ಮಾತ್ರ ಬ್ಯಾರೆ ಯಾರು ಎಂದು ಕೇಳಿದಳು. ಮಗ ತನ್ನ ದಲಾಲಿ ಅಂಗಡಿಗೆ ನಾಳೆ ಕಡಲೆ ಬರುತ್ತದೆ, ಚೀಲ ಇಳಿಸಬೇಕು ಎಂದು ಏನೇನೋ ಹೇಳಿದ.

"ಕ್ವಿಂಟಲ್ ಚೀಲ ಎತ್ತಾಂವಗ ಒಂದು ಕೂಸು ಭಾರ ಆತೇನ್ಲೇ?" ಎಂದಳು ಫಕೀರವ್ವ. ಅಲ್ಲಿಗೆ ಮೇಲ್ಮನವಿಗೆ ಅವಕಾಶ ಮುಗಿಯಿತು. ಅಂಜಿಕೆ ಎಂದು ಬಾಯಿಬಿಟ್ಟರೆ ಊರಲ್ಲಿ ಮಾನ ಉಳಿಯುವುದಿಲ್ಲ. ಬಿಡದಿದ್ದರೆ ಜೀವ ಉಳಿಯುವುದಿಲ್ಲ. ಆ ಕೂಸಿನ ಮಾರಿ ನೋಡಿದರೆ ಇಲ್ಲ ಅನ್ನಲೂ ಅವನಿಗೆ ಮನಸ್ಸಾಗಲಿಲ್ಲ.

ಮರುದಿನ ದವಾಖಾನೆಯ ಉದ್ದನೆಯ ಕುರ್ಚಿಯ ಮೇಲೆ ಕಿರಣಕುಮಾರ ಕಾಲು ಚಾಚಿ ಒರಗಿದ. ಅವನ ತೊಡೆಯ ಮೇಲೆ ಶಿವಗಂಗಾ ಪಟ್ಟದ ರಾಣಿಯ ಹಾಗೆ ವಿರಾಜಮಾನಳಾದಳು. ಭಾಗ್ಯಾ ಬಾಜೂಕಿನ ಸ್ಟೂಲ್ ಹಿಡಿದಳು.

"ನೋವಾದ್ರ ಎಡಗೈ ಎತ್ತವಾ. ನಾ ಅಲ್ಲಿಗೇ ನಿಲ್ಲಸ್ತೀನಿ," ಎಂದರು ಮೇಡಂ.

ಹುಡುಗಿಗೆ ಈ ಅಧಿಕಾರ ಬಹಳ ಹಿಡಿಸಿತು. ಸುಮ್ಮನೆ ಒಮ್ಮೆ ಎತ್ತಿ ನೋಡಿದಳು. ಹಲ್ಲು ನೋಡುವ ಪುಟ್ಟ ಕನ್ನಡಿ ಹಿಡಿದು ಬರುತ್ತಿದ್ದ ಮೇಡಂ ನಿಜವಾಗಿಯೂ ನಿಂತರು. ಬಾಯಿಯ ಕೀಲಿ ತೆರೆಯಿತು. ಆದರೆ ಕನ್ನಡಿ ಮೊದಲು ಮಾಮಾನ ಬಾಯಿಗೆ ಹೋಗಬೇಕು ಎಂದು ಶರ್ತು ಹಾಕಿದಳು. ಹೋಯಿತು. ಮಾಮಾನ ಹುಳುಕು ದವಡೆಯಲ್ಲಿ ಒಂದು ಲವಂಗ ಸಿಕ್ಕಿತು. ಬಾಯಿ ವಾಸನೆಗೆ ಇಟ್ಟದ್ದು ಎಂದು ಅವನು ಹೇಳಿದ. ಮೇಡಂ ಹೌದೇನ್ರಿ ಎಂದು ಮುಂದಿನ ಕೆಲಸಕ್ಕೆ ನಡೆದರು.

"ಈಗ ಹಲ್ಲಿಗೆ ನಿದ್ದಿ ಬರಸೂಣು," ಎಂದು ಒಸಡಿಗೆ ಸಿಹಿ ಮುಲಾಮು ಹಚ್ಚಿದರು. ಆಮೇಲೆ ಸೂಜಿ ತಂದರು. ಮಗುವಿಗೆ ಕಾಣದಂತೆ ಅಂಗೈಯಲ್ಲಿ ಅಡಗಿಸಿ, ಗದ್ದದ ಕೆಳಗಿನಿಂದ ತರುವ ಕಲೆ ಅವರಿಗೆ ಅಗದಿ ಚಲೋ ಗೊತ್ತಿತ್ತು. ಮಗುವಿಗೆ ಕಾಣಲಿಲ್ಲ. ಹಿಂದೆ ಒರಗಿದ್ದ ಮಾಮಾನಿಗೆ ಮಾತ್ರ ಪೂರ್ತಿ ಕಾಣಿಸಿತು.

ಒಂದು ಎಡಗೈ ಮೇಲೆದ್ದಿತು. ಮೇಡಂ ನಿಂತು, ನೋವಾತೇನವಾ ಎಂದು ಕೇಳಿದರು.

"ನಾ ಅಲ್ರಿ, ಮಾಮಾ," ಎಂದಳು ಹುಡುಗಿ.

ಮತ್ತೆ ಶುರು, ಮತ್ತೆ ಕೈ. ಮೂರನೆಯ ಸಲ ಆ ಕೈ ಅರ್ಧ ಎದ್ದು, ದೊಪ್ಪನೆ ಬಿತ್ತು. ಕಿರಣಕುಮಾರನ ಕಣ್ಣು ಮುಚ್ಚಿದ್ದವು. ಈ ಸಲ ಅದು ಭಕ್ತಿಯಲ್ಲ ಎಂದು ಭಾಗ್ಯಾಳಿಗೆ ಥಟ್ಟನೆ ತಿಳಿಯಿತು.

"ಮೇಡಂ, ಮಾಮಾಗೂ ಮುಲಾಮು ಹಚ್ಚೀರೇನ್ರಿ? ನಿದ್ದಿ ಹತ್ತೇತಿ ನೋಡ್ರಿ," ಎಂದಳು ಶಿವಗಂಗಾ.

ಮೇಡಂ ಅವನ ನಾಡಿ ಹಿಡಿದು, ಮುಖಕ್ಕೆ ನೀರು ಚಿಮುಕಿಸಿದರು. ಅವನು ಒಂದು ಕಣ್ಣು ತೆರೆದ, ಸೂಜಿ ಇನ್ನೂ ಅಲ್ಲೇ ಇದ್ದದ್ದು ಕಂಡು ಮತ್ತೆ ಮುಚ್ಚಿದ. ಹಂಗ ಮಲಗಿರ್ರಿ, ಇದ ಚಲೋ ಎಂದರು ಮೇಡಂ. ಮಾಮಾ ನಿದ್ದೆ ಮಾಡುವಂಥ ಜಾಗದಲ್ಲಿ ಅಂಜುವಂಥದ್ದು ಏನಿದ್ದೀತು ಎಂದು ಶಿವಗಂಗಾ ಅವನ ಎದೆಗೆ ಒರಗಿ ಆರಾಮಾಗಿ ಬಾಯಿ ತೆರೆದಳು. ಕೀವು ತೆಗೆದು, ಔಷಧ ತುಂಬಿ, ಹಲ್ಲು ಮುಚ್ಚುವವರೆಗೂ ಅವಳು ಕೈ ಎತ್ತಲಿಲ್ಲ. ಇಷ್ಟು ಶಾಣ್ಯಾ ಕೂಸನ್ನು ತಾನು ನೋಡೇ ಇಲ್ಲ ಎಂದರು ಮೇಡಂ. ಮಾಮಾನ ಬಗ್ಗೆ ಏನೂ ಹೇಳಲಿಲ್ಲ.

ಅವನು ಚಪ್ಪಲಿ ಹುಡುಕತೊಡಗಿದಾಗ ಹೇಳಿದರು. "ಎಲ್ಲಿ ಹೊಂಟ್ರಿ? ಬರ್ರಿ, ಆ ಲವಂಗದ ಹಲ್ಲು ನೋಡೂಣು."

ಕಿರಣಕುಮಾರ ಕಡಲೆ ಚೀಲದ ವಿಷಯ ತೆಗೆದ. ಯಾರೂ ಕೇಳಲಿಲ್ಲ, ಮತ್ತೆ ಕುರ್ಚಿಗೆ ಒರಗಬೇಕಾಯಿತು. ಶಿವಗಂಗಾ ಸ್ಟೂಲಿನಿಂದ ತಾಯಿಯನ್ನು ಎಬ್ಬಿಸಿ ತಾನು ಕೂತು, ತನ್ನ ಪುಟ್ಟ ತೊಡೆಯ ಮೇಲೆ ಅವನ ಬಲಗೈ ಎಳೆದಿಟ್ಟುಕೊಂಡಳು. "ಅಂಜಬ್ಯಾಡ ಮಾಮಾ. ಹೊಸ ಅಂಗಿ ಅವ್ವ ಕೊಡಸ್ತಾಳ," ಎಂದಳು.

ಕನ್ನಡಿ ಇನ್ನೂ ತುಟಿ ಮುಟ್ಟಿರಲಿಲ್ಲ, ಎಡಗೈ ಸರ್ರನೆ ಮೇಲೆದ್ದಿತು. ಮೇಡಂ ನಿಯಮದಂತೆ ನಿಂತರು. ಆದರೆ ಅವನನ್ನು ಕೇಳದೆ ಹುಡುಗಿಯ ಮುಖ ನೋಡಿದರು.

"ಆ ಕೈ ನೋಡಬ್ಯಾಡ್ರಿ ಮೇಡಂ," ಎಂದಳು ಶಿವಗಂಗಾ. "ಅದು ಸುಮ್ಮಸುಮ್ಮನ ಏಳತೈತಿ. ನೀವು ಮಾಡ್ರಿ."

ಭಾಗ್ಯಾ ಸೆರಗು ಸೊಂಟಕ್ಕೆ ಸಿಗಿಸಿ ಬಂದು ತಮ್ಮನ ಎಡಗೈಯನ್ನು ಗಟ್ಟಿಯಾಗಿ ಹಿಡಿದಳು. ಯಾರ ಕೈಕಾಲನ್ನೂ ಹಿಡಿಯಗೊಡದ ಮೇಡಂ ಅವತ್ತು ಅದನ್ನು ನೋಡಿಯೂ ನೋಡದಂತೆ ಸೂಜಿ ತರಲು ಹೋದರು.