ಕೂಸಿಗೆ ಮಾವನ ಹೆಸರು

೧. ಬಾಯಿಬಿಟ್ಟು ಅನ್ನದ ಹೆಸರು

ಕುರುಗೋಡಿನ ಅಜ್ಜಿಯೊಬ್ಬರು ಬಸ್ಸಿಳಿದು ನೇರ ಬಳ್ಳಾರಿಯ ನನ್ನ ಪಾತ್ರೆ ಅಂಗಡಿಗೆ ಬಂದರು. ಮಗನ ಮಗನಿಗೆ ತೊಟ್ಟಿಲು, ಹೆಸರಿಡುವ ಶಾಸ್ತ್ರ. ಬಂದವರಿಗೆ ಹಂಚಲು ಸ್ಟೀಲ್ ಡಬ್ಬಿ ಬೇಕು, ಮುಚ್ಚಳದ ಮೇಲೆ ಕೂಸಿನ ಹೆಸರು ಬೇಕು. ಪಾತ್ರೆ ಮಾರುವವನೂ ನಾನೇ, ಹೆಸರು ಹೊಡೆಯುವವನೂ ನಾನೇ.

“ಹೆಸರು ಹೇಳ್ರಿ.”

“ನಮ್ಮ ಮನಿಯಾರದು.”

“ಅವರ ಹೆಸರೇನು?”

ಅಜ್ಜಿಯ ಗಂಡ ತೀರಿಕೊಂಡು ಎರಡು ವರ್ಷ. ಇದ್ದಾಗ ಅವರ ಹೆಸರು ಹಿಡಿದವರಲ್ಲ, ಈಗಲೂ ಹಿಡಿಯುವುದಿಲ್ಲ.

“ನಮ್ಮೂರ ದೇವರದು.”

“ಬಸಪ್ಪ.”

“ಅದರ ಮುಂದ ಇನ್ನೊಂದು ಐತಿ.”

“ದೊಡ್ಡಬಸಪ್ಪ.”

“ಅದು ನಮ್ಮ ಭಾವನೋರದು. ಅದನ್ನೂ ನಾ ಅನ್ನಂಗಿಲ್ಲ. ನಮ್ಮ ಮನಿಯಾರು ಅವರ ತಮ್ಮ.”

“ಸಣ್ಣಬಸಪ್ಪ.”

ಅಜ್ಜಿ ತಲೆಯಾಡಿಸಿದರು. “ಆ ಹೆಸರು ಹಿಡಿದು ಯಾರಾರ ಕರಿಯೋದು ಕೇಳಿ ಎರಡು ವರ್ಷ ಆತಣ್ಣ. ಮನ್ಯಾಗ ಇನ್ನೊಮ್ಮಿ ಕೇಳಬೇಕು. ಅದಕ್ಕ ಇಡಾಕತ್ತೀನಿ.”

“ಹಂಗಾರ ಸಣ್ಣಬಸಪ್ಪ ಅಂತ ಹೊಡೀಲಿ?”

“ಅದು ನೀವ ಅಂದದ್ದು,” ಎಂದರು. “ನಾ ಅಂದಿಲ್ಲ.”

೨. ಯಾರಿಗೂ ಇಲ್ಲದ ಹೆಸರು

ಎರಡು ದಿನ ಬಿಟ್ಟು ಅಜ್ಜಿಯ ಮಗ ಬಂದ. ಇದೇ ಊರಲ್ಲಿ ಕಚೇರಿ ಕೆಲಸ. ಡಬ್ಬಿ ಎಣಿಸಿಟ್ಟಿದ್ದೆ, ಇನ್ನೂ ಹೆಸರು ಹೊಡೆದಿರಲಿಲ್ಲ.

“ಅವ್ವ ಹೇಳಿದ್ದು ಬಿಡ್ರಿ ಕಾಕಾ. ರಿಯಾಂಶ್ ಅಂತ ಹೊಡೀರಿ.”

“ಹಂಗಂದ್ರ ಏನು?”

“ಅಂಶ ರೀ.”

“ಯಾರದು?”

ಅವನು ಸಿರುಗುಪ್ಪಕ್ಕೆ ಫೋನ್ ಮಾಡಿದ. ಹೆಂಡತಿ ಬಾಣಂತನಕ್ಕೆ ಅಲ್ಲಿ ತವರಿನಲ್ಲಿದ್ದಳು. ಕೇಳಿಕೊಂಡು, “ಸೂರ್ಯಂದಂತ” ಎಂದ. “ಎಂಟು ದಿನ ನೆಟ್‌ನಾಗ ಹುಡುಕೀವ್ರಿ. ನಮ್ಮ ಕಡಿ ಯಾರಿಗೂ ಇಲ್ಲದ ಹೆಸರು.”

ನಾನು ಉಳಿ ಹಿಡಿದ ಕಾಲಕ್ಕೆ ಗಾದಿಲಿಂಗಪ್ಪ, ಎರಿಸ್ವಾಮಿ, ಹುಲಿಗೆಮ್ಮ ಹೊಡೆದೆ. ಆಮೇಲೆ ಮಂಜುನಾಥ, ಸುನಿತಾ. ಹೆಸರು ಹೊಡೆಯುವ ಮಷಿನ್ ಬಂದ ಮೇಲೆ ಎಲ್ಲರೂ ಯಾರದೋ ಅಂಶ. ಪೂರ್ತಿ ಹುಟ್ಟುವವರು ಕಡಿಮೆಯಾಗಿದ್ದಾರೆ.

ಒಯ್ಯಲು ಇನ್ನೂ ಯಾರೂ ಬಂದಿರದ ಎರಡು ಕಟ್ಟು ತಟ್ಟೆ ಮೂಲೆಯಲ್ಲಿದ್ದವು. ತೋರಿಸಿದೆ. ಒಂದರ ಮೇಲೆ ರಿಯಾಂಶ್. ಇನ್ನೊಂದರ ಮೇಲೂ ರಿಯಾಂಶ್.

ಅವನು ಎರಡೂ ಕಟ್ಟು ತಿರುವಿ ನೋಡಿದ. “ಇವರದು ಯಾರ ಅಂಶ ಕಾಕಾ?”

“ಸೂರ್ಯಂದ. ಅವನೊಬ್ಬ. ಎಷ್ಟು ಮಂದಿಗಂತ ಹಂಚ್ತಾನ.”

೩. ಪದ್ಧತಿ

ಮರುದಿನ ತಾಯಿ ಮಗ ಇಬ್ಬರೂ ಬಂದರು. ಅಜ್ಜಿ ಸ್ಟೂಲಿನ ಮೇಲೆ ಕೂತು, ತನ್ನ ಹೆಸರು ಆಗುವ ತನಕ ಏಳುವುದಿಲ್ಲ ಎಂದರು. ತನ್ನ ಹೆಸರು ಅಂದರೆ ಗಂಡನ ಹೆಸರು. ಮಗ ಹೆಂಡತಿಗೆ ಫೋನ್ ಹಚ್ಚಿ, ಎಲ್ಲರಿಗೂ ಕೇಳುವಂತೆ ಗಲ್ಲೆಯ ಮೇಜಿನ ಮೇಲೆ ಇಟ್ಟ.

ಸೊಸೆಯ ಧ್ವನಿ ಬಹಳ ಮೆತ್ತಗಿತ್ತು. “ಅತ್ತಿ, ನನಗ ಬ್ಯಾಡ ಅಂತಲ್ರಿ. ಮಾವನೋರ ಹೆಸರು ಸೊಸಿಯಾದಾಕಿ ಹ್ಯಾಂಗ ಹಿಡೀಬೇಕು? ನಮ್ಮಲ್ಲಿ ಪದ್ಧತಿ ಐತಲ್ರಿ. ನಾಳಿ ಕೂಸಿಗೆ ಬೈಬೇಕಾಕ್ಕತಿ, ಬೆನ್ನಿಗೆ ಒಂದು ಕೊಡಬೇಕಾಕ್ಕತಿ. ಮಾವನೋರಿಗೆ ಕೊಟ್ಟಂಗ ಆಗಂಗಿಲ್ಲೇನ್ರಿ?”

ಪದ್ಧತಿ ಅಜ್ಜಿಯದೇ.

ಮಗ ನನ್ನ ಕಿವಿಯ ಹತ್ತಿರ ಬಂದ. “ನನ್ನ ಹೆಸರು ಹಿಡಿದ ಕರೀತಾಳ್ರಿ ಕಾಕಾ. ಮೊನ್ನಿ ‘ಲೇ’ನೂ ಅಂದಳು.”

ಕೊನೆಗೆ ಅಜ್ಜಿಯೇ ಹೇಳಿದರು: “ನೀನೂ ಕರೀಬ್ಯಾಡವ್ವ, ನಾನೂ ಕರಿಯಂಗಿಲ್ಲ. ಓಣ್ಯಾಗಿನ ಮಂದಿ ಕರೀಲಿ. ನಾ ಕೇಳಿದ್ರ ಸಾಕು.”

ಎರಡೂ ಹೆಸರು ಹೊಡೆಯುವುದು ಎಂದಾಯಿತು. ಆಮೇಲೆ ಮ್ಯಾಲ ಯಾವುದು, ಕೆಳಗ ಯಾವುದು ಎಂದು ಇನ್ನೊಂದು ತಾಸು. ನನಗೆ ಊಟದ ಹೊತ್ತಾಗಿತ್ತು.

“ಮುಚ್ಚಳ ದುಂಡಗ ಐತಿ,” ಎಂದೆ. “ಸುತ್ತ ಹೊಡೀತೀನಿ. ಯಾರಿಗೆ ಯಾವುದು ಮ್ಯಾಲ ಬೇಕೋ, ಹಂಗ ತಿರುವಿ ಹಿಡಕೊಳ್ರಿ.”

೪. ಕಿವಿಯಲ್ಲಿ ಹೇಳಿದ್ದು

ತೊಟ್ಟಿಲು ಸಿರುಗುಪ್ಪದಲ್ಲಿ. ಡಬ್ಬಿ ಮುಟ್ಟಿಸಲು ನಾನೇ ಹೋದೆ. ಉಂಡು ಹೋಗ್ರಿ ಎಂದರು. ಕೂತೆ.

ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ಅಜ್ಜಿಯ ಮಗಳು. ಬೆಳಗಿನಿಂದ ಸೊಸೆ ಅವಳಿಗೆ ರಿಯಾಂಶ್ ಬಾಯಿಪಾಠ ಮಾಡಿಸಿದ್ದಳು. ಅವಳು ತೊಟ್ಟಿಲಿಗೆ ಬಗ್ಗಿ ಏನೋ ಪಿಸುಗುಟ್ಟಿದಳು. ಹೆಂಗಸರು ರೂಢಿಯಂತೆ ಅವಳ ಬೆನ್ನಿಗೆ ಗುದ್ದಿದರು. ಸಿರುಗುಪ್ಪದ ಹೆಂಗಸರ ಕೈ ಸ್ವಲ್ಪ ಜೋರು.

“ಏನ್ ಹೆಸರಿಟ್ಟಿ, ಗಟ್ಟಿಯಾಗಿ ಹೇಳು.”

“ರೇಶನ್,” ಎಂದಳು.

ಹಿಂದೆ ಕೂತಿದ್ದ ಕುರುಗೋಡಿನ ಮುದುಕನಿಗೆ ಕಿವಿ ಮಂದ. ಈ ಮಾತು ಮಾತ್ರ ಕೇಳಿಸಿತು. “ಯಾವತ್ತು ಕೊಡ್ತಾರಂತ? ಅಕ್ಕಿ ಅಷ್ಟನೋ, ಜೋಳನೂ ಐತೋ?”

ಸೊಸೆ ಹಣೆ ಹಿಡಿದುಕೊಂಡಳು. ಸೋದರತ್ತೆ ಗಾಬರಿಯಾಗಿ ಎರಡನೇ ಹೆಸರಿಗೆ ಹೋದಳು. ಅದರಲ್ಲಿ ತಡವರಿಸಲಿಲ್ಲ. ಅವಳ ಅಪ್ಪನ ಹೆಸರು. “ಸಣ್ಣಬಸಪ್ಪ” ಎಂದದ್ದು ಬೀದಿಗೂ ಕೇಳಿಸಿತು.

ಅಜ್ಜಿ ಗೋಡೆಯ ಕಡೆ ತಿರುಗಿ ಕೂತರು.

ಮುದುಕ ಪಕ್ಕದವನನ್ನು ಕೇಳಿದ: “ಆತ ಹೋಗಿ ಎರಡು ವರ್ಷ ಆತಲ್ಲ. ಕಾರ್ಡ್‌ನಾಗ ಹೆಸರು ಇನ್ನೂ ತಗದಿಲ್ಲೇನು?”

೫. ಕರೆದದ್ದು

ಮೊನ್ನೆ ಅತ್ತೆ ಸೊಸೆ ಕೂಸನ್ನು ಕರೆದುಕೊಂಡು ಅಂಗಡಿಗೆ ಬಂದರು. ನೀರಿನ ಬಾಟ್ಲಿ ಬೇಕಾಗಿತ್ತು. ಕೂಸಿಗೆ ಈಗ ಎರಡು ವರ್ಷ. ಎಲ್ಲರೂ ಕುರುಗೋಡಿನಲ್ಲೇ ಇದ್ದಾರೆ, ಮಗ ದಿನಾ ಬಸ್ಸಿಗೆ ಬಂದು ಹೋಗುತ್ತಾನೆ.

ಬಾಟ್ಲಿ ಆರಿಸುವಷ್ಟರಲ್ಲಿ ಕೂಸು ಒಂದರ ಮೇಲೊಂದು ಇಟ್ಟ ತಟ್ಟೆಗಳ ಅಟ್ಟಿಯ ಹತ್ತಿರ ಹೋಗಿ ಎಲ್ಲಕ್ಕಿಂತ ಕೆಳಗಿನದನ್ನು ಎಳೆಯತೊಡಗಿತು. ಅಟ್ಟಿ ನನ್ನ ಎದೆಯ ಮಟ್ಟ. ನಾನು ಓಡಿ ಮೇಲಿನಿಂದ ಎರಡೂ ಕೈಯಲ್ಲಿ ಒತ್ತಿ ಹಿಡಿದೆ. ಕೈ ಬಿಡುವಂತಿರಲಿಲ್ಲ. ಸೊಸೆ ಗಲ್ಲೆಯ ಆಚೆ, ಬಕೆಟ್‌ಗಳ ಹಿಂದೆ ಸಿಕ್ಕಿಕೊಂಡಿದ್ದಳು, ಅವಳ ಹಿಂದೆ ಅಜ್ಜಿ.

“ರಿಯಾಂಶ್,” ಎಂದಳು. ಕೂಸು ನೋಡಲಿಲ್ಲ.

“ರಿಯಾಂಶ್, ಬಾ ಇಲ್ಲಿ.” ಪಕ್ಕದ ಅಂಗಡಿಯಿಂದ ಬೇರೊಂದು ಕೂಸು ಇಣುಕಿತು. ನಮ್ಮದು ಎಳೆಯುತ್ತಲೇ ಇತ್ತು.

“ಓಣ್ಯಾಗ ಎಲ್ಲಾರು ಇನ್ನೊಂದು ಹೆಸರಲೇ ಕರೀತಾರ್ರಿ,” ಎಂದಳು ನನಗೆ. “ಇದಕ್ಕ ಅದ ರೂಢಿ ಆಗೇತಿ. ಅತ್ತಿ, ನೀವು ಕರೀರಿ.”

“ನಾ ಹ್ಯಾಂಗ ಕರೀಲವ್ವ?”

“ಕಾಕಾ, ನೀವಾರ ಕರೀರಿ.”

“ನಿಮ್ಮ ಕೂಸು,” ಎಂದೆ.

ಅಟ್ಟಿ ವಾಲಿತು. ಸೊಸೆ ಹೆಗಲ ಮೇಲಿನ ವೇಲ್ ತಲೆಯ ಮೇಲೆ ಎಳೆದುಕೊಂಡಳು.

“ಸಣ್ಣಬಸಪ್ಪನೋರ, ಬರ್ರಿ.”

ಕೂಸು ತಟ್ಟೆ ಬಿಟ್ಟು ಬಂತು.