ಬೆಂಚು ಪರದೇಶದ್ದು, ಮೊಣಕಾಲು ನಮ್ಮದು

ನೆಲದ ಮೇಲೆ ಕೂಡುವುದೇ ನಮ್ಮ ದೇಶದ ದೊಡ್ಡಸ್ತಿಕೆ ಎಂದು ಭಾಷಣ ಮಾಡುವವರನ್ನು ನಾನು ಬಹಳ ನೋಡಿದ್ದೇನೆ. ಅವರೆಲ್ಲರ ಮನೆಯಲ್ಲೂ ಕುರ್ಚಿ ಇರುತ್ತದೆ. ಕುರ್ಚಿ ಇಲ್ಲದವನು ಈ ಮಾತು ಆಡಿದ್ದನ್ನು ಇನ್ನೂ ಕೇಳಿಲ್ಲ. ಅವನಿಗೆ ನೆಲವೆಂದರೆ ನೆಲ, ಅದರಲ್ಲಿ ದೇಶ ಗೀಶ ಏನೂ ಕಾಣುವುದಿಲ್ಲ. ನಾನು ಹೆಚ್ಚು ಓದಿದವಳಲ್ಲ. ಬೈಬಲ್ಲನ್ನು ಬೆರಳಿಟ್ಟು ಓದುತ್ತೇನೆ. ಬೆರಳು ಜಾರಿದರೆ ಮೋಶೆ ಸಮುದ್ರದ ನಡುವೆಯೇ ನಿಂತುಬಿಡುತ್ತಾನೆ. ಆದರೆ ಕೂಡುವುದು ಏಳುವುದು ಓದಿನ ಸಂಗತಿಯಲ್ಲ, ಮೊಣಕಾಲಿನ ಸಂಗತಿ. ಅದರಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ.

ನಮ್ಮ ಚರ್ಚು ರೋಣದಿಂದ ಗಜೇಂದ್ರಗಡಕ್ಕೆ ಹೋಗುವ ರಸ್ತೆಯ ಮಗ್ಗುಲಿಗಿದೆ. ಕಟ್ಟಿಸಿದವರು ಇಂಗ್ಲೆಂಡಿನವರು, ಕಲ್ಲು ಹೊತ್ತವರು ನಾವು. ಕಾಗದದಲ್ಲಿ ಅದು ಆಂಗ್ಲಿಕನ್ ಸಭೆ, ನಮ್ಮ ಬಾಯಲ್ಲಿ ಇಂಗ್ಲಿಷರ ಗುಡಿ. ಸ್ವರಾಜ್ಯ ಬಂದ ಮೇಲೆ ಬಿಳಿ ಪಾದ್ರಿ ಸಾಹೇಬರು ಹೆಂಡತಿಯನ್ನೂ ನಾಯಿಯನ್ನೂ ಕರೆದುಕೊಂಡು ತಮ್ಮ ದೇಶಕ್ಕೆ ಹೋದರು. ಅದೇ ಸುಮಾರಿಗೆ ನಮ್ಮ ಸಭೆಯನ್ನೂ ಬೇರೆ ಮಿಶನ್ನಿನವರ ಸಭೆಗಳನ್ನೂ ಕೂಡಿಸಿ ಒಂದೇ ಮಾಡಿದರು. ರಾಜನಿಗಾಗಿ ಮಾಡುತ್ತಿದ್ದ ಪ್ರಾರ್ಥನೆ ತೆಗೆದು ಆ ಜಾಗದಲ್ಲಿ ರಾಷ್ಟ್ರಪತಿಯನ್ನು ಇಟ್ಟರು. ನಮ್ಮ ಕೇರಿಯ ಹಿರಿಯ ಸಮುವೇಲಪ್ಪ ಮಾತ್ರ ಕಣ್ಣು ಮುಚ್ಚಿಕೊಂಡು ರಾಜನಿಗೇ ಬೇಡುತ್ತಿದ್ದ. ಕೇಳಿದರೆ, "ಇಷ್ಟ ವರ್ಷ ಅವಗ ಬೇಡಿಕೊಂಡೇನಿ, ನಡಕ ಬಿಟ್ರ ಹ್ಯಾಂಗ?" ಅನ್ನುತ್ತಿದ್ದ. ರಾಜ ಸತ್ತ ಸುದ್ದಿ ಬಂದ ಮೇಲೆ ಮಗಳಿಗೆ ಎಂದು ಬದಲಿಸಿಕೊಂಡ.

ಆಮೇಲೆ ಹೊಸ ಪಾದ್ರಿ ಅಯ್ಯನವರು ಬಂದರು. ಮಂಗಳೂರು ಕಡೆಯವರು. ಕೋಟು ಹಾಕಿಕೊಂಡು ಇಂಗ್ಲೆಂಡಿಗೆ ಹೋಗಿ, ಓದಿ, ಖಾದಿ ಉಟ್ಟುಕೊಂಡು ತಿರುಗಿ ಬಂದವರು. ಬಿಳಿ ಸಾಹೇಬರಿಗೆ ಎಂದೂ ನಾವು ಇಂಗ್ಲಿಷರಂತೆ ಕಂಡಿರಲಿಲ್ಲ. ನಮ್ಮನ್ನು ನೋಡಿದರೆ ಯಾರಿಗೂ ಹಾಗೆ ಅನ್ನಿಸುವುದಿಲ್ಲ. ಈ ಅಯ್ಯನವರಿಗೆ ಅನ್ನಿಸಿತು. ಜಗತ್ತಿನ ತುಂಬ ನಮ್ಮ ಸಭೆ ಬದಲಾಗುತ್ತಿದೆ, ಆಫ್ರಿಕಾದಲ್ಲಿ ಡೋಲು ಬಾರಿಸಿ ಆರಾಧನೆ ಮಾಡುತ್ತಾರೆ, ನಾವು ಇನ್ನೂ ಪರದೇಶದ ಬೆಂಚಿಗೆ ಅಂಟಿಕೊಂಡಿದ್ದೇವೆ, ನಾಚಿಕೆಯಾಗಬೇಕು ಎಂದು ಒಂದು ಭಾನುವಾರ ಪ್ರಸಂಗ ಮಾಡಿದರು. ಅದು ಮುಗಿದ ಮೇಲೆ ಸಮುವೇಲಪ್ಪನನ್ನು ಕರೆದು, "ನೀವೂ ಹಲಗೆ ಬಾರಿಸಬಹುದಲ್ಲ?" ಎಂದು ಕೇಳಿದರು. ಸಮುವೇಲಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಊರಲ್ಲಿ ಯಾರು ಸತ್ತರೂ ಅವನ ಅಪ್ಪ ಹೆಣದ ಮುಂದೆ ಹಲಗೆ ಬಾರಿಸಬೇಕಾಗಿತ್ತು. ಅದನ್ನು ಬಿಡುವುದಕ್ಕೆಂದೇ ಈ ಸಭೆಗೆ ಬಂದ ಮನೆತನ ಅದು. "ಅಯ್ಯಾರ, ಆ ಹಲಗಿ ನಮ್ಮಪ್ಪ ಬಾಂವ್ಯಾಗ ಒಗದು ಬಂದಾನ್ರಿ. ಬೇಕಾದ್ರ ನೀವ ಇಳದು ತಗೊಂಡ ಬರ್ರಿ" ಎಂದು ರುಮಾಲು ಕೊಡವಿ ಹೊರಟೇಹೋದ.

ಹಲಗೆಯಿಂದ ಪಾರಾದೆವು, ಬೆಂಚು ಉಳಿಯಲಿಲ್ಲ. ಬೆಂಚಿನ ಸಂಗತಿ ಹೇಳಿದರೆ ಓದಿದವರು ನಗುತ್ತಾರೆ, ನಗಲಿ. ನನ್ನಪ್ಪ ಹೊರಗೇರಿಯವನು. ಊರಲ್ಲಿ ಯಾರೆದುರಿಗೂ ಕಟ್ಟೆಯ ಮೇಲೆ ಕೂತವನಲ್ಲ. ಅವನು ಮೊಟ್ಟಮೊದಲು ಕಾಲು ಇಳಿಬಿಟ್ಟು ಕೂತದ್ದು ಈ ಚರ್ಚಿನ ಬೆಂಚಿನ ಮೇಲೆ, ಅದೂ ನೇಕಾರರ ಮನೆಯಿಂದ ಸಭೆಗೆ ಸೇರಿದವರ ಮಗ್ಗುಲಿಗೆ. ಬೆಂಚಿನ ಗುಣವೇ ಹಾಗೆ: ಮೊದಲು ಬಂದವರು ಮೊದಲು ಕೂಡಬೇಕು, ತಡವಾಗಿ ಬಂದವರು ಸರಿಯಿರಿ ಅನ್ನಬೇಕು, ಮೈಗೆ ಮೈ ತಾಗಲೇಬೇಕು. ಸಾಹೇಬರು ನಮಗೆ ಕೊಟ್ಟದ್ದರಲ್ಲಿ ಅರ್ಧ ನಮಗೆ ತಿಳಿಯಲಿಲ್ಲ, ಇನ್ನರ್ಧ ನಮಗೆ ಬೇಕಾಗಿರಲಿಲ್ಲ. ಬೆಂಚೊಂದು ಚೆನ್ನಾಗಿ ತಿಳಿಯಿತು.

ಬೆಂಚು ತೆಗೆಸಿ ಎಲ್ಲರನ್ನೂ ನೆಲದ ಮೇಲೆ ಕೂಡಿಸುತ್ತಾರಂತೆ ಎಂದು ಕೇಳಿ ನಾನು ಅಯ್ಯನವರ ಬಂಗಲೆಗೇ ಹೋದೆ. ಅವರು ಆರಾಮ ಕುರ್ಚಿಯಲ್ಲಿದ್ದರು.

"ಅಯ್ಯಾರ, ನನ್ನ ಮಣಕಾಲ ಹಿಡದಾವ್ರಿ. ಕೆಳಗ ಕುಂದ್ರಾಕ ಆಗೂದಿಲ್ಲ."

"ನಮ್ಮ ಋಷಿಗಳು ನೆಲದ ಮೇಲೆಯೇ ಕೂತು ಧ್ಯಾನ ಮಾಡುತ್ತಿದ್ದರು, ಆಯಿ."

"ಮಾಡ್ಲಿ ಬಿಡ್ರಿ. ಅವರು ದಿನಾ ರೊಟ್ಟಿ ಬಡದು, ಕಳೆ ತಗದು, ನೀರ ಹೊತ್ತು ಧ್ಯಾನಕ್ಕ ಕುಂದರತಿದ್ರೇನ್ರಿ?"

ಅಯ್ಯನವರು ಮುಗುಳುನಕ್ಕರು. ಓದಿದವರು ಉತ್ತರ ಇಲ್ಲದಾಗ ಮಾಡುವ ಕೆಲಸ ಅದು. ಮರುದಿನವೇ ಬೆಂಚುಗಳು ಚಕ್ಕಡಿ ಹತ್ತಿ ಶಾಲೆಗೆ ಹೋದವು. ನವಲಗುಂದದಿಂದ ಜಮಖಾನೆ ಬಂತು. ಜಮಖಾನೆ ಚೆಲುವಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಚರ್ಚಿನ ಅರ್ಧಕ್ಕೇ ಮುಗಿಯುತ್ತಿತ್ತು. ಅದರಾಚೆ ಬರೀ ಕಲ್ಲುಹಾಸು.

ಮುಂದಿನ ಭಾನುವಾರ ನಡೆದದ್ದನ್ನು ನಾನು ಗೋಡೆಗೆ ಒರಗಿ ನಿಂತು ನೋಡಿದೆ. ನೇಕಾರರ ಮನೆಯವರು ಬಂದು ಜಮಖಾನೆಯ ಮೇಲೆ ಕೂತರು. ಆ ಮನೆಯ ಹಿರಿಯಳು ಕರುಣವ್ವ ಸೆರಗು ಹರಡಿ ಇಬ್ಬರ ಜಾಗದಲ್ಲಿ ಒಬ್ಬಳೇ ಕೂತಳು. ನಮ್ಮ ಕೇರಿಯವರು ಬಂದವರು ಜಮಖಾನೆಯ ಅಂಚಿನ ತನಕ ಬಂದು ನಿಂತು, ಅಲ್ಲೇ ಕಲ್ಲಿನ ಮೇಲೆ ಕೂತರು. ಯಾರೂ ಯಾರಿಗೂ ಏನೂ ಹೇಳಲಿಲ್ಲ. ಕಾಲುಗಳು ತಾವೇ ಹೋಗಿ ಹಳೆಯ ಜಾಗ ಹುಡುಕಿಕೊಂಡವು. ಬೆಂಚಿನ ಮೇಲೆ ಇಷ್ಟು ವರ್ಷ ಕೂತು ಮರೆತದ್ದನ್ನು ನೆಲ ಒಂದೇ ಬೆಳಗಿನಲ್ಲಿ ನೆನಪಿಸಿಬಿಟ್ಟಿತು. ಆರಾಧನೆ ಮುಗಿದ ಮೇಲೆ ಅಯ್ಯನವರಿಗೆ ಹೇಳಿದೆ. "ಆಯಿ, ನಮ್ಮ ಸಭೆಯಲ್ಲಿ ಜಾತಿ ಇಲ್ಲ" ಅಂದರು.

"ಹೌದ್ರಿ, ಜಮಖಾನಿ ಮ್ಯಾಲ ಇಲ್ಲ" ಅಂದೆ.

ಅಷ್ಟರಲ್ಲಿ ಬಿಷಪ್ಪರು ಬರುವ ಸುದ್ದಿ ಬಂತು. ಹಿಂದಿನವರು ಮೋಟಾರಿನಲ್ಲಿ ಬರುತ್ತಿದ್ದರು. ಇವರು ಗದಗಿನ ಬಸ್ಸಿನಿಂದ ಮೈತುಂಬ ಧೂಳು ಮೆತ್ತಿಕೊಂಡು ಇಳಿದರು. ನೋಡಿದರೆ ನಮ್ಮ ಬಣ್ಣದವರೇ. ಸಮುವೇಲಪ್ಪ ನನ್ನ ಕಿವಿಯಲ್ಲಿ, "ಇವರೇನ ಬೇ, ಥೇಟ್ ನನ್ನ ಭಾವನಂಗ ಅದಾರ. ಇವರು ತಲಿ ಮ್ಯಾಲ ಕೈ ಇಟ್ರ ಆಶೀರ್ವಾದ ಹತ್ತತೈತೇನ?" ಎಂದು ಗೊಣಗಿದ.

ಚರ್ಚಿನೊಳಗೆ ಬಿಷಪ್ಪರಿಗೆ ಮಾತ್ರ ಒಂದು ಕುರ್ಚಿ ಹಾಕಿದ್ದರು. ಏನಾದರೂ ಕೇಳುವುದಿದ್ದರೆ ಕೇಳಿರಿ ಎಂದು ಅವರು ಅಂದದ್ದೇ ತಡ, ನಾನು ಮುಂದೆ ಹೋದೆ. ಅಯ್ಯನವರು ಕಣ್ಣಿನಲ್ಲೇ ಬೇಡವೆಂದರು. ನನ್ನ ಕಣ್ಣಿಗೆ ಪೊರೆ ಬಂದಿದೆ, ಅಂಥದ್ದು ಕಾಣುವುದಿಲ್ಲ.

"ಎಲ್ಲಾರೂ ನೆಲದ ಮ್ಯಾಲ ಅದೇವಿ, ನಿಮಗ್ಯಾಕ್ರಿ ಕುರ್ಚಿ?"

"ಮೊಣಕಾಲು ನೋವು, ತಾಯಿ."

"ನನಗೂ ಅದ ಐತ್ರಿ! ನಿಮ್ಮ ಮಣಕಾಲಿಗೆ ಕುರ್ಚಿ ಸ್ವದೇಶದ್ದು, ನನ್ನ ಮಣಕಾಲಿಗೆ ಬೆಂಚ್ ಪರದೇಶದ್ದು, ಹ್ಯಾಂಗ್ರಿ ಇದು? ಅದನ್ನ ಬಿಡ್ರಿ. ಆ ಜಮಖಾನಿ ಎಲ್ಲಿ ಮುಗದೈತಿ, ಅಲ್ಲಿಂದ ಹಿಂದ ಯಾರ್ಯಾರು ಕುಂತಾರ, ಒಂದ ಸಲ ನೋಡ್ರಿ. ಇದಕ್ಕೇನ್ರಿ ನಮ್ಮಪ್ಪ ಊರ ಮಂದಿ ಕಡೆ ಬೈಸಿಕೊಂಡ ಇಲ್ಲಿಗೆ ಬಂದದ್ದು?"

ಬಿಷಪ್ಪರು ನೋಡಿದರು. ಕರುಣವ್ವ ಮೆಲ್ಲಗೆ ಸೆರಗು ಎಳೆದುಕೊಂಡಳು. ಬಿಷಪ್ಪರು ಭಾಷಣ ಮಾಡಲಿಲ್ಲ, ಅದೊಂದು ಪುಣ್ಯ. "ಶಾಲೆಯಿಂದ ಒಂದು ಬೆಂಚು ತರಿಸಿ, ಮುಂದೆಯೇ ಹಾಕಿ. ಯಾರು ಬೇಕಾದರೂ ಕೂತುಕೊಳ್ಳಲಿ" ಎಂದು ಅಯ್ಯನವರಿಗೆ ಹೇಳಿ ಸಂಜೆಯ ಬಸ್ಸು ಹಿಡಿದರು.

ಆ ವಾರವೆಲ್ಲ ನಾನು ನೆಲದ ಮೇಲೆ ನಡೆಯಲೇ ಇಲ್ಲ ಅನ್ನಬೇಕು. ಕೇರಿಯ ಮನೆಮನೆಗೂ ಹೋಗಿ ಬೆಂಚು ಬಂತು, ಯಾರೂ ಹೆದರಬೇಡಿ, ಬಂದು ಕೂತುಕೊಳ್ಳಿ ಎಂದು ಸಾರಿದೆ. ಭಾನುವಾರ ಇಳಕಲ್ಲ ಸೀರೆ ಉಟ್ಟು, ಎಲ್ಲರೂ ನೋಡಲಿ ಎಂದು ಬೇಕಂತಲೇ ತಡಮಾಡಿ ಹೋದೆ. ಬೆಂಚು ಬಂದಿತ್ತು. ಅದರ ಮೇಲೆ ನಮ್ಮ ಕೇರಿಯ ಹೆಂಗಸರು, ನಡುವೆ ಕರುಣವ್ವ, ಆಚೆ ಸಮುವೇಲಪ್ಪನ ಸೊಸೆ ದುರ್ಗವ್ವ, ಸೂಜಿ ತೂರದಂತೆ ಕೂತಿದ್ದರು. ಕರುಣವ್ವನ ಮೊಣಕಾಲೂ ಹಿಡಿದಿದ್ದುವಂತೆ, ಆ ತನಕ ಬಾಯಿ ಬಿಟ್ಟಿರಲಿಲ್ಲ. ನಾನು ಎದುರಿಗೇ ನಿಂತು ಕೆಮ್ಮಿದೆ. ಯಾರೂ ಸರಿಯಲಿಲ್ಲ, ಸರಿಯುವುದಕ್ಕೆ ಜಾಗವೂ ಇರಲಿಲ್ಲ.

"ಆಯಿ, ನಿಂತ್ಯಾಕ ತ್ರಾಸ ಪಡತೀರಿ?" ಅಂದಳು ದುರ್ಗವ್ವ. "ಜಮಖಾನಿ ಖಾಲಿ ಐತಲ್ರಿ, ಆರಾಮ ಕುಂದರ್ರಿ."

ಕೂತೆ. ಹೇಗೆ ಕೂತೆ ಎಂದು ಕೇಳಬೇಡಿ. ಕೊನೆಯ ಹಾಡಿಗೆ ಎಲ್ಲರೂ ಎದ್ದು ನಿಂತರು. ನನ್ನ ಕಾಲು ಏಳಲಿಲ್ಲ. ಮಂದಿ ನಗಬಾರದೆಂದು ತಲೆ ಬಗ್ಗಿಸಿ ಕಣ್ಣು ಮುಚ್ಚಿಕೊಂಡೆ. ಹಾಡು ಮುಗಿದ ಮೇಲೆ ಅಯ್ಯನವರು ಸಭೆಗೆ ನನ್ನನ್ನು ತೋರಿಸಿ, "ನೋಡಿ, ಬೆಂಚು ಬೇಕೆಂದು ಬಿಷಪ್ಪರೊಡನೆ ವಾದಿಸಿದ ಆಯಿಯೇ ಇಂದು ನೆಲ ಬಿಟ್ಟು ಏಳುತ್ತಿಲ್ಲ. ಇದು ನಿಜವಾದ ಭಾರತೀಯ ಭಕ್ತಿ" ಎಂದು ಗದ್ಗದಿತರಾದರು. ಉತ್ತರ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಎಬ್ಬಿಸುವುದಕ್ಕೆ ಹತ್ತಿರ ನಿಂತಿದ್ದವರು ಅವರೊಬ್ಬರೇ. ನಾನು ಮುಗುಳುನಕ್ಕು ಕೈ ಚಾಚಿದೆ.