ಸ್ವಾರಸ್ಯವಿದ್ದರೆ ಮಾತ್ರ ಲೈನ್

ಮಲ್ಲೇಶ್ವರಂನ ಬೀದಿ ವ್ಯಾಪಾರ ಪರವಾನಗಿ ಮಂಡಳಿಯ ಶಾಖಾ ಕಚೇರಿಯಲ್ಲಿ ಬೇಸರ ತರಿಸುವ ಅರ್ಜಿಗಳನ್ನು ಸ್ವೀಕರಿಸಲಾಗುವುದಿಲ್ಲ. ಇದು ೨೦೦೫ನೇ ಇಸವಿಯ ಶ್ರಾವಣದಿಂದ ಜಾರಿಯಲ್ಲಿರುವ ನಿಯಮ. ಸಾರ್ವಜನಿಕರು ಇದಕ್ಕೆ ಹೊಂದಿಕೊಂಡಿದ್ದಾರೆ. ಹೊಂದಿಕೊಳ್ಳದವರಿಗೆ ಪ್ರತ್ಯೇಕ ಸಾಲು ಇದೆ.

ಕಾರಣ ಸರಳ. ಆ ವರ್ಷ ಕಚೇರಿಗೆ ಬ್ರಾಡ್‌ಬ್ಯಾಂಡ್ ಬಂತು. ಬಂದ ವಾರವೇ ಸಂಪಿಗೆ ರಸ್ತೆಯಲ್ಲಿ ಚರಂಡಿ ಅಗೆಯುವವರು ಕೇಬಲ್ಲನ್ನು ಮರದ ಬೇರು ಅಂದುಕೊಂಡು ಕತ್ತರಿಸಿ ಊಟಕ್ಕೆ ಹೋದರು. ಕೇಬಲ್ಲು ಸರಿಯಾಗುವ ತನಕ ರೂಟರ್ ಎಂಬ ಪೆಟ್ಟಿಗೆಯೇ ಕಚೇರಿಯ ಫೋನಿನಿಂದ ಡಯಲ್ ಮಾಡಿ ಅರ್ಜಿಗಳನ್ನು ಹೆಡ್ಡಾಫೀಸಿಗೆ ದಾಟಿಸತಕ್ಕದ್ದು ಎಂದು ತೀರ್ಮಾನವಾಯಿತು. ಅದನ್ನು ಹೊಂದಿಸಿಕೊಡಲು ಮನೋಹರ್ ಎಂಬ ಎಂಜಿನಿಯರ್ ಬಂದ.

"ಸಾರ್, ಒಂದ್ ವಿಷ್ಯ ಹೇಳ್ಬಿಡಿ," ಎಂದ ಮೇಜಿನ ಕೆಳಗಿನಿಂದ. "ನಿಮ್ಗೆ ಇಂಟರೆಸ್ಟಿಂಗ್ ಟ್ರಾಫಿಕ್ ಯಾವ್ದು?"

ಶಾಖೆಯ ಮುಖ್ಯಸ್ಥರಾದ ಶಿವರುದ್ರಪ್ಪನವರು ಕಿಟಕಿಯಾಚೆ ನೋಡಿದರು. "ಸಂಪಿಗೆ ರೋಡಲ್ಲಿ ಅಂಥದ್ದೇನೂ ಇಲ್ಲಪ್ಪ. ಸಂಜೆ ಒಂದು ಹಸು ಅಡ್ಡ ಮಲಗತ್ತೆ."

"ಆ ಟ್ರಾಫಿಕ್ ಅಲ್ಲ ಸಾರ್, ಇಲ್ಲಿಂದ ಹೋಗೋ ಅರ್ಜಿಗಿರ್ಜಿ. ಇಂಟರೆಸ್ಟಿಂಗ್ ಆಗಿದ್ರೆ ಮಾತ್ರ ಈ ಪೆಟ್ಟಿಗೆ ಫೋನ್ ಮಾಡತ್ತೆ. ಇಲ್ದಿದ್ರೆ ಸುಮ್ನೆ ಕೂತಿರತ್ತೆ."

"ಅದಕ್ಕೆ ಅನ್ಸಬೇಕೋ, ನಮಗೆ ಅನ್ಸಬೇಕೋ?"

"ನೀವು ಹೇಳಿದ್ದೇ ಅದಕ್ಕೆ ವೇದ. ಇನ್ನೊಂದು ಸಾರ್, ಎರಡು ನಿಮಿಷ ಇಂಟರೆಸ್ಟಿಂಗ್ ಏನೂ ಹೋಗ್ಲಿಲ್ಲ ಅಂದ್ರೆ ಲೈನ್ ಕಟ್."

ಇಡೀ ಸೇವಾವಧಿಯಲ್ಲಿ ಶಿವರುದ್ರಪ್ಪನವರನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಸಭೆ ಕರೆಯಲಾಯಿತು. ಕಚೇರಿಯಲ್ಲಿ ಸ್ವಾರಸ್ಯವಾದದ್ದು ಏನೂ ಇಲ್ಲವೆಂದು ಬಹುಮತ ಬಂತು. ಆದರೆ ಹಾಗೆಂದು ಬರೆದು ಕಳಿಸಿದರೆ ಕಚೇರಿಯನ್ನೇ ಮುಚ್ಚಬಹುದೆಂಬ ಅಂಜಿಕೆಯಿಂದ ಈ ಕೆಳಗಿನ ಸುತ್ತೋಲೆ ಹೊರಟಿತು:

"ಇನ್ನು ಮುಂದೆ ಸ್ವಾರಸ್ಯವುಳ್ಳ ಅರ್ಜಿಗಳನ್ನು ಮಾತ್ರ ರವಾನಿಸತಕ್ಕದ್ದು. ಸ್ವಾರಸ್ಯವೆಂದರೆ ಸ್ವಾರಸ್ಯಾಧಿಕಾರಿಗಳಿಗೆ ಸ್ವಾರಸ್ಯವೆನಿಸಿದ್ದು. ಓದುವಾಗ ಅವರಿಗೆ ನಿದ್ದೆ ಬಂದಲ್ಲಿ ಸದರಿ ನಿದ್ದೆಯನ್ನು ತಿರಸ್ಕಾರವೆಂದು ಪರಿಗಣಿಸತಕ್ಕದ್ದು."

ಡ್ರಾಯರಿನಲ್ಲಿ ಧಾರಾವಾಹಿ ಇಟ್ಟುಕೊಂಡು ಓದುತ್ತಿದ್ದ ಗುಮಾಸ್ತ ಪರಮಶಿವಯ್ಯನವರು ಪ್ರಭಾರ ಸ್ವಾರಸ್ಯಾಧಿಕಾರಿಗಳಾದರು. ಅವರ ಮೇಜಿನ ಕಂಪ್ಯೂಟರಿನಿಂದ ಬಂದದ್ದಕ್ಕೆ ಮಾತ್ರ ಫೋನ್ ಮಾಡು ಎಂದು ಮನೋಹರ್ ಪೆಟ್ಟಿಗೆಗೆ ಹೇಳಿಕೊಟ್ಟ. ಇಂಟರೆಸ್ಟಿಂಗ್ ಅಂದರೆ ಫೋನ್ ಮಾಡಿ ಕಳಿಸಬೇಕಾದದ್ದು ಅಂತಷ್ಟೇ, ಈ ಅರ್ಥ ಅಲ್ಲ ಅಂತ ವಿವರಿಸಬೇಕು ಎಂದು ಅವನಿಗೆ ಅನ್ನಿಸಿತ್ತು. ಅಷ್ಟರಲ್ಲಿ ಬಿಲ್ಲಿಗೆ ಸಹಿ ಬಿತ್ತು. ಅವನು ಚಾಮರಾಜಪೇಟೆಗೆ ಇನ್ನೊಂದು ಕೆಲಸಕ್ಕೆ ಹೋದ.

ಮೊದಲು ಸಿಕ್ಕಿಬಿದ್ದವಳು ಲಕ್ಕಮ್ಮ. ಶ್ರೀರಾಂಪುರದಿಂದ ಬಂದು ಮಾರ್ಕೆಟ್ಟಿನ ಮೂಲೆಯಲ್ಲಿ ಹೂವು ಮಾರುವವಳು. ತಿಂಗಳ ಕೊನೆಯೊಳಗೆ ನವೀಕರಣದ ಅರ್ಜಿ ಹೆಡ್ಡಾಫೀಸು ಮುಟ್ಟದಿದ್ದರೆ ಆ ಮೂಲೆ ಬೇರೆಯವರ ಪಾಲು. ಪರಮಶಿವಯ್ಯನವರು ಅವಳ ಅರ್ಜಿಯನ್ನು ಗಟ್ಟಿಯಾಗಿ ಓದಿದರು. "'ನಾನು ಹೂವು ಮಾರುತ್ತೇನೆ. ಮುಂದೆಯೂ ಮಾರಲು ಅಪ್ಪಣೆ ಕೊಡಬೇಕು.' ಆಮೇಲೆ?"

"ಆಮೇಲೇನು ಸ್ವಾಮಿ, ಅಷ್ಟೇ."

"ಏನೂ ಆಗೋದೇ ಇಲ್ವಲ್ಲಮ್ಮ ಇದ್ರಲ್ಲಿ! ಒಂದು ತಿರುವು ಬೇಡ್ವಾ?"

"ತಿರುವಲ್ಲೇ ಸ್ವಾಮಿ ನಾನು ಕೂರೋದು."

"ಆ ತಿರುವಲ್ಲ. ಯಾರಾದ್ರೂ ಕಳೆದುಹೋಗ್ಬೇಕು, ಸಿಗ್ಬೇಕು."

"ಸುಳ್ಳು ಹೇಳೋಕೆ ನಂಗೆ ಬರಲ್ಲ ಸ್ವಾಮಿ," ಎಂದು ಲಕ್ಕಮ್ಮ ಎದ್ದು ಹೋದಳು.

ಸುಳ್ಳು ಹೇಳಲು ಬರುವವರು ಊರ ತುಂಬ ಇದ್ದರು. ಶೇಷಾದ್ರಿಪುರಂನ ಒಂದು ಟೈಪಿಂಗ್ ಇನ್‌ಸ್ಟಿಟ್ಯೂಟ್ ಬಾಗಿಲಲ್ಲಿ "ಇಲ್ಲಿ ಅರ್ಜಿಗಳಿಗೆ ತಿರುವು ಹಾಕಿಕೊಡಲಾಗುವುದು" ಎಂಬ ಬೋರ್ಡು ಬಂತು. ಕಳೆದುಹೋದ ಅವಳಿ ಅಗ್ಗ. ಭೂತಕ್ಕೆ ಮುಂಗಡ. ಇನ್‌ಸ್ಟಿಟ್ಯೂಟು ಪರಮಶಿವಯ್ಯನವರ ಹೆಂಡತಿಯ ಹೆಸರಿನಲ್ಲಿತ್ತು. ಇದು ಕೇವಲ ಕಾಕತಾಳೀಯವೆಂದು ಪರಮಶಿವಯ್ಯನವರೇ ವಿಚಾರಣೆ ನಡೆಸಿ ವರದಿ ಕೊಟ್ಟಿದ್ದಾರೆ. ಮತ್ತಿಕೆರೆಯ ಬೀಗ ರಿಪೇರಿಯವನೊಬ್ಬ ಮೂರನೇ ಪುಟದಲ್ಲಿ ಸತ್ತು, ನಾಲ್ಕನೇ ಪುಟದಲ್ಲಿ ಪರವಾನಗಿ ನವೀಕರಿಸಿಕೊಂಡ. ಆಕ್ಷೇಪಣೆ ಬರಲಿಲ್ಲ.

ಲಕ್ಕಮ್ಮನ ಮೂಲೆಯ ಮೇಲೆ ಕಣ್ಣಿಟ್ಟಿದ್ದವನು ಪಾನಿಪೂರಿ ಗಾಡಿಯ ಮಾಯಣ್ಣ. ಅವನ ಅರ್ಜಿಯಲ್ಲಿ ಸ್ಯಾಂಕಿ ಕೆರೆಯ ಮೊಸಳೆಯೊಂದು ಅವನನ್ನು ಹದಿನೆಂಟನೇ ಕ್ರಾಸಿನವರೆಗೆ ಅಟ್ಟಿಸಿಕೊಂಡು ಬರುತ್ತದೆ. ಪೆಟ್ಟಿಗೆ ಕಿರ್‍ರೆಂದು ಫೋನ್ ಮಾಡಿತು. ಅರ್ಜಿ ಒಂದೇ ಉಸಿರಿಗೆ ಹೋಯಿತು. ತಿಂಗಳು ಮುಗಿದರೆ ಮೂಲೆ ಮಾಯಣ್ಣನದೇ ಎಂದು ಹೆಡ್ಡಾಫೀಸು ಉತ್ತರಿಸಿ, ಮೊಸಳೆ ಈಗ ಹೇಗಿದೆ ಎಂದೂ ವಿಚಾರಿಸಿತು.

ಸುದ್ದಿ ಕೇಳಿ ತಿಂಗಳ ಕೊನೆಯ ದಿನ ಲಕ್ಕಮ್ಮ ಹೂವಿನ ಬುಟ್ಟಿ ಸಮೇತ ಕಚೇರಿಗೆ ನುಗ್ಗಿದಳು.

"ಮೊಸಳೆಯಂತೆ ಮೊಸಳೆ! ಜಿರಳೆ ಕಂಡ್ರೆ ಗಾಡಿ ಬಿಟ್ಟು ಓಡ್ತಾನೆ ಈ ಮಾಯಣ್ಣ! ಅವನದ್ದು ಓದ್ತೀರಾ, ನಂದು ಸಪ್ಪೆ ಅಂತೀರಾ? ಹೂವು ಮಾರೋರಿಗೆ ಏನೇನು ಗೊತ್ತಿರತ್ತೆ ಹೇಳ್ಲಾ? ನಿಮ್ಮ ಸಾಹೇಬ್ರು ಶುಕ್ರವಾರ ಶುಕ್ರವಾರ ಎರಡು ಮೊಳ ಮಲ್ಲಿಗೆ ತಗೋತಾರೆ. ಒಂದು ಕೈಯಲ್ಲಿ ಹಿಡ್ಕೊಂಡು ಹೋಗ್ತಾರೆ, ಅದು ಮನೆಗೆ. ಇನ್ನೊಂದು ಬ್ಯಾಗಿಗೆ ಹಾಕ್ಕೋತಾರೆ. ಆ ಬ್ಯಾಗು ಮೊದ್ಲು ಮತ್ತಿಕೆರೆ ಬಸ್ ಹತ್ತತ್ತೆ! ಬರ್ಕೊಳ್ಳಿ!"

ಪರಮಶಿವಯ್ಯನವರು ಬರೆದುಕೊಳ್ಳುತ್ತಲೇ ಇದ್ದರು. ಅವರ ಬೆರಳು ಅಷ್ಟು ವೇಗವಾಗಿ ಓಡಿದ್ದನ್ನು ಕಚೇರಿ ಅದುವರೆಗೆ ಕಂಡಿರಲಿಲ್ಲ. ಪೆಟ್ಟಿಗೆ ಡಯಲ್ ಮಾಡಿತು. ಕ್ಷಣದಲ್ಲಿ ಹೆಡ್ಡಾಫೀಸಿನಿಂದ ಒಂದೇ ಪದದ ಅಧಿಕೃತ ಉತ್ತರ: "ಮುಂದೆ?"

"ಲಕ್ಕಮ್ಮ, ಮುಂದೆ ಹೇಳು. ಅರ್ಜಿ ಸ್ವೀಕೃತಿ ಶುರುವಾಯ್ತು," ಎಂದರು ಪರಮಶಿವಯ್ಯ. "ಸ್ವೀಕೃತಿ ಮುಗಿಯೋ ತನಕ ಅರ್ಜಿದಾರರನ್ನ ಜಾಗದಿಂದ ಎಬ್ಬಿಸೋ ಹಾಗಿಲ್ಲ. ರೂಲ್ಸು."

"ಅಂದ್ರೆ ಅರ್ಜಿ ಮುಗಿಯೋಗಂಟ ಮೂಲೆ ನಂದೇ?"

"ನಿಂದೇ. ಮುಗಿದ್ಮೇಲೆ ಮಾಯಣ್ಣನ ಆರ್ಡರ್ ಜಾರಿ. ಲೈನ್ ಮಾತ್ರ ಕಟ್ ಆಗ್ಬಾರ್ದು."

ಲಕ್ಕಮ್ಮ ಬುಟ್ಟಿ ಇಳಿಸಿ, ಕಾಲು ಮಡಚಿ ಕೂತಳು. "ಹಂಗಾದ್ರೆ ಮೊದಲಿಂದ ಹೇಳ್ತೀನಿ. ಮಲ್ಲಿಗೆ ಅಂದ್ನಲ್ಲ, ಅದು ಯಾವ ತೋಟದ್ದು ಅನ್ಕೊಂಡ್ರಿ?"

ಒಳಗಿನಿಂದ ಓಡಿ ಬಂದ ಶಿವರುದ್ರಪ್ಪನವರು ಪೆಟ್ಟಿಗೆಯ ವೈರಿಗೆ ಕೈ ಹಾಕಿದರು. ಅಷ್ಟರಲ್ಲಿ ಅವರಿಗೆ ಹೆಡ್ಡಾಫೀಸಿನಲ್ಲಿ ಕೆಲಸ ಮಾಡುವ ತಮ್ಮ ಭಾವಮೈದುನ ನೆನಪಾದ. ಅವನು ತನ್ನ ಅಕ್ಕ, ಅಂದರೆ ಸಾಹೇಬರ ಹೆಂಡತಿ ಶೈಲಜಮ್ಮನಿಗೆ ಸುದ್ದಿ ಮುಟ್ಟಿಸಿರುತ್ತಾನೆ. ಆಕೆ ಈ ಕಚೇರಿಗೆ ಫೋನ್ ಮಾಡುತ್ತಿರುತ್ತಾಳೆ. ಪೆಟ್ಟಿಗೆ ಹೆಡ್ಡಾಫೀಸಿನ ಜೊತೆ ಮಾತಾಡುತ್ತಿರುವ ತನಕ ಫೋನು ಎಂಗೇಜು. ಬಿಟ್ಟರೆ ರಿಂಗು.

ಅವರು ವೈರು ಬಿಟ್ಟು ಕೈ ಮುಗಿದರು. "ನಿಲ್ಲಿಸ್ಬೇಡ ತಾಯಿ. ತೋಟದ ವಿಷ್ಯ ಚೆನ್ನಾಗಿದೆ. ಬಾವಿ ಇರ್ಲಿಲ್ವಾ ಆ ತೋಟದಲ್ಲಿ? ಬಾವೀನೂ ಹೇಳು."

ಬಾವಿಯ ವಿಷಯ ಮುಗಿಯುವ ಹೊತ್ತಿಗೆ, ಫೋನು ಸಿಗದ ಶೈಲಜಮ್ಮ ಆಟೋದಲ್ಲಿ ಬಂದಿಳಿದು ಬಾಗಿಲಲ್ಲಿ ನಿಂತಿದ್ದರು. ಪರಮಶಿವಯ್ಯನವರ ಬೆರಳುಗಳು ನಿಂತವು. ಗಡಿಯಾರದ ಮುಳ್ಳು ಎರಡು ನಿಮಿಷದ ಗಡುವಿನತ್ತ ತಿರುಗತೊಡಗಿತು.

"ಲಕ್ಕಮ್ಮ," ಎಂದರು ಶೈಲಜಮ್ಮ, "ಆ ಇನ್ನೊಂದು ಮೊಳ ಯಾರ ಮುಡಿಗೆ?"

ಶಿವರುದ್ರಪ್ಪನವರು ಕಣ್ಣು ಮುಚ್ಚಿಕೊಂಡರು. ಲಕ್ಕಮ್ಮ ಪರಮಶಿವಯ್ಯನವರ ಬೆರಳು ನೋಡಿದಳು. ಒಂದು ಹೆಸರು ಹೇಳಿದರೆ ಅರ್ಜಿ ಮುಗಿಯುತ್ತದೆ. ಸಂಜೆಗೆ ಮೂಲೆಯಲ್ಲಿ ಪಾನಿಪೂರಿ.

"ಹೇಳ್ತೀನಿ ಅಮ್ಮಾವ್ರೆ," ಎಂದಳು. "ಆದ್ರೆ ಆ ಬಸ್ಸಿನ ಕಂಡಕ್ಟರ್ ವಿಷ್ಯ ತಿಳೀದೆ ಅದು ಅರ್ಥ ಆಗಲ್ಲ."

"ಯಾವ ಕಂಡಕ್ಟರ್ರು?"

ಬೆರಳುಗಳು ಮತ್ತೆ ಓಡಿದವು. ಶಿವರುದ್ರಪ್ಪನವರೇ ಕುರ್ಚಿ ತಂದು ಹಾಕಿದರು. ಶೈಲಜಮ್ಮ ಕೂತರು.

ದಸರೆಯ ಮುಂಚೆ ಕೇಬಲ್ಲು ಸರಿಹೋಗಿ, ಬ್ರಾಡ್‌ಬ್ಯಾಂಡಿನವರು ಬಂದಾಗ "ಸದ್ಯಕ್ಕೆ ಅಗತ್ಯವಿಲ್ಲ" ಎಂದು ಹಿಂಬರಹ ಕೊಡಲಾಯಿತು. ಅರ್ಜಿ ಮುಂದುವರಿದಿದೆ. ಸಂಜೆ ಕಚೇರಿ ಮುಚ್ಚುವುದನ್ನು ಅಲ್ಪವಿರಾಮವೆಂದು ಭಾವಿಸತಕ್ಕದ್ದು ಎಂಬ ತಿದ್ದುಪಡಿಯಾಗಿದೆ. ಶೈಲಜಮ್ಮ ದಿನವೂ ಫ್ಲಾಸ್ಕಿನಲ್ಲಿ ಕಾಫಿ ತರುತ್ತಾರೆ. ಕೇಳಲು ಬರುವ ಜನರಿಗೆ ಮಾಯಣ್ಣ ಕಚೇರಿಯ ಕಾಂಪೌಂಡಿನಲ್ಲೇ ಪಾನಿಪೂರಿ ಹಾಕುತ್ತಾನೆ. ಮೂಲೆಯ ಆಸೆ ಬಿಟ್ಟಿದ್ದಾನೆ.

ಹೆಡ್ಡಾಫೀಸು ಇದುವರೆಗೆ ಒಮ್ಮೆ ಮಾತ್ರ ಆಕ್ಷೇಪಿಸಿದೆ. ಕಂಡಕ್ಟರನ ತಂಗಿಯ ಭಾಗ ತುಸು ಎಳೆದಂತಾಯಿತು, ಗಮನಿಸುವುದು ಎಂದು ಟಿಪ್ಪಣಿ ಬಂತು. ಲಕ್ಕಮ್ಮ ಮಾರನೆಯ ದಿನ ಬೆಳಿಗ್ಗೆಯೇ ಆ ಹುಡುಗಿಯನ್ನು ಮೈಸೂರಿಗೆ ಮದುವೆ ಮಾಡಿ ಕಳಿಸಿಕೊಟ್ಟಳು.